ಬುಲೆಟ್ಟಿಗೆ ಹೊಸ ಹೆಡ್‌ಲೈಟ್: ಏಳು ಇಂಚಿನ ಎಚ್4 ದೀಪ ಮತ್ತು ರಿಲೇ ವೈರಿಂಗ್ ಕಿಟ್ಟಿನ ವಿಮರ್ಶೆ

ನಮ್ಮೂರಿನಲ್ಲಿ ಎಲ್ಲರೂ ಬುಲೆಟ್ ಎಂದೇ ಕರೆಯುವ ನನ್ನ ಗಾಡಿ 2012ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಮನೆ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಕೆಲಸದ ನಿಮಿತ್ತ ತಿಂಗಳಿಗೆ ನಾಲ್ಕೈದು ಸಲ ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುತ್ತೇನೆ. ಹೆಚ್ಚಿನ ಸಲ ಕತ್ತಲಾದ ಮೇಲೆಯೇ ಅದೇ ದಾರಿಯಲ್ಲಿ ಹತ್ತಿ ಬರುತ್ತೇನೆ. ಮಳೆಗಾಲದಲ್ಲಿ ಆ ದಾರಿಯಲ್ಲಿ ಮಂಜು ಎಷ್ಟು ದಟ್ಟವಾಗಿರುತ್ತದೆ ಎಂಬುದು ಅಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಒಂದು ಬದಿಯಲ್ಲಿ ಗುಡ್ಡದಿಂದ ಇಳಿಯುವ ನೀರು, ಇನ್ನೊಂದು ಬದಿಯಲ್ಲಿ ಪ್ರಪಾತದ ಅಂಚಿನ ತಡೆಗೋಡೆ, ಎದುರಿನಿಂದ ಇಳಿದು ಬರುವ ಲಾರಿಗಳು. ಇವುಗಳ ನಡುವೆ ಹೆಡ್‌ಲೈಟ್ ಸರಿಯಿಲ್ಲದ ಗಾಡಿಯನ್ನು ಓಡಿಸುವುದೆಂದರೆ ಕಣ್ಣು ಮುಚ್ಚಿಕೊಂಡು ನಡೆದಂತೆ.

ಇಲ್ಲಿ ನಾನು ಬರೆಯುತ್ತಿರುವುದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಮೂರು ವಸ್ತುಗಳ ಬಗ್ಗೆ: ಏಳು ಇಂಚಿನ ಗಾಜಿನ ಹೆಡ್‌ಲೈಟ್, ಅದಕ್ಕೆ ಹಾಕುವ 60/55 ವ್ಯಾಟಿನ (ಹೈ ಬೀಮಿಗೆ 60, ಲೋ ಬೀಮಿಗೆ 55) ಎಚ್4 ಹ್ಯಾಲೊಜೆನ್ ಬಲ್ಬ್, ಮತ್ತು ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ಕರೆಂಟ್ ಒಯ್ಯುವ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ವೈರಿಂಗ್ ಕಿಟ್. ಮೂರಕ್ಕೂ ಸೇರಿ ನಾನು ಕೊಟ್ಟಿದ್ದು 2,350 ರೂಪಾಯಿ. ಹನ್ನೊಂದು ತಿಂಗಳಿನಿಂದ, ಅದರಲ್ಲಿ ಒಂದು ಇಡೀ ಮಳೆಗಾಲವೂ ಸೇರಿದಂತೆ, ಇವುಗಳನ್ನು ಬಳಸುತ್ತಿದ್ದೇನೆ. ದೀಪ ಮತ್ತು ಬಲ್ಬಿನ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಕಿಟ್ ಒಳ್ಳೆಯದೇ, ಆದರೆ ಅಂಗಡಿಯಿಂದ ತಂದ ಹಾಗೆಯೇ ಅದನ್ನು ಗಾಡಿಗೆ ಹಾಕಬಾರದು. ಯಾಕೆಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಕಂಪನಿಯಿಂದ ಬಂದಿದ್ದ ಮೂಲ ಹೆಡ್‌ಲೈಟಿನ ಗಾಜು ಎದುರಿನ ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲಿಗೆ ಒಡೆಯಿತು. ಹತ್ತಿರದ ಪಟ್ಟಣದ ಅಂಗಡಿಯೊಂದರಲ್ಲಿ, ಈಗ ಎಲ್ಲರೂ ಇದನ್ನೇ ಹಾಕಿಸುತ್ತಾರೆ ಎಂಬ ಮಾತಿಗೆ ಒಪ್ಪಿ, ಹಲವು ಕಣ್ಣುಗಳಿರುವ ಎಲ್‌ಇಡಿ ಹೆಡ್‌ಲೈಟ್ ಒಂದನ್ನು ಹಾಕಿಸಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಅಂಗಡಿಯ ಮುಂದೆ ಹಗಲಿನಲ್ಲಿಯೇ ಕಣ್ಣು ಕುಕ್ಕುವಷ್ಟು ಬೆಳಕಿತ್ತು, ನನಗೂ ಸಂತೋಷವಾಗಿತ್ತು. ಅದೇ ವಾರ ಘಾಟಿಯಲ್ಲಿ ಮಂಜು ಮುಸುಕಿದಾಗ ಮಾತ್ರ, ಎದುರಿಗೆ ಬಿಳಿಯ ಪರದೆಯೊಂದನ್ನು ಕಟ್ಟಿದ ಹಾಗಾಗಿ ರಸ್ತೆಯ ಅಂಚಿನ ಬಿಳಿ ಗೆರೆಯೂ ಕಾಣದಾಯಿತು. ಲೋ ಬೀಮಿಗೂ ಹೈ ಬೀಮಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡೂ ಎದುರು ಬರುವವರ ಕಣ್ಣಿಗೇ ಹೊಡೆಯುತ್ತಿದ್ದವು. ಬಸ್ಸಿನ ಚಾಲಕರು ದೂರದಿಂದಲೇ ಡಿಮ್ ಡಿಪ್ ಮಾಡಿ ಎಚ್ಚರಿಸುತ್ತಿದ್ದರು. ನಾನು ಆಗಲೇ ಲೋ ಬೀಮಿನಲ್ಲಿ ಹೋಗುತ್ತಿದ್ದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು?

ಇಷ್ಟೇ ಆಗಿದ್ದರೆ ದೀಪ ಕೆಟ್ಟದ್ದೆಂದು ಕಿತ್ತುಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಮೂರನೆಯ ವಾರದಲ್ಲಿ ಇನ್ನೊಂದು ಕಾಟ ಶುರುವಾಯಿತು. ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿದಾಗ ದೀಪ ಒಂದು ಕ್ಷಣ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ, ಸುತ್ತ ಒಂದು ಮಿಣುಕು ಬೆಳಕೂ ಇಲ್ಲದ ಜಾಗದಲ್ಲಿ, ದೀಪ ಆರುವ ಆ ಒಂದು ಕ್ಷಣ ಎಷ್ಟು ದೀರ್ಘವಾಗಿರುತ್ತದೆ ಎಂಬುದನ್ನು ನಾನು ಮರೆಯಲಾರೆ. ಮನೆಗೆ ಬಂದವನೇ ಆ ಎಲ್‌ಇಡಿಯನ್ನು ಬಿಚ್ಚಿ, ಗೆಳೆಯನ ಹಳೆಯ ಗಾಡಿಯ ಹ್ಯಾಲೊಜೆನ್ ದೀಪವನ್ನು ತಂದು ಅದೇ ತಂತಿಗಳಿಗೆ ಜೋಡಿಸಿದೆ. ಆಗ ಕಂಡದ್ದು ವಿಚಿತ್ರವಾಗಿತ್ತು: ಲೋ ಬೀಮ್ ಹಾಕಿದರೆ ಬಲ್ಬ್ ಬೆಂಕಿಪೆಟ್ಟಿಗೆಯ ಕಡ್ಡಿಯ ತುದಿಯಂತೆ ಕೆಂಪಗೆ ಮಿಣುಕುತ್ತಿತ್ತು, ಜೊತೆಗೆ ಮೀಟರಿನಲ್ಲಿರುವ ಹೈ ಬೀಮಿನ ನೀಲಿ ದೀಪವೂ ಉರಿಯುತ್ತಿತ್ತು.

ಹೆಡ್‌ಲೈಟ್ ಬದಲಿಸುವವರೆಲ್ಲರೂ ಈ ಲಕ್ಷಣವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನಗೆ ಅನಿಸುತ್ತದೆ. ಎಚ್4 ಬಲ್ಬಿಗೆ ಮೂರು ಕಾಲುಗಳಿವೆ. ಒಂದು ಲೋ ಬೀಮಿನದು, ಒಂದು ಹೈ ಬೀಮಿನದು, ಮೂರನೆಯದು ಎರಡಕ್ಕೂ ಸೇರಿದ ಅರ್ತ್. ಅರ್ತ್ ಕಡಿದುಹೋದಾಗ ಲೋ ಬೀಮಿನ ಫಿಲಮೆಂಟಿಗೆ ಬಂದ ಕರೆಂಟಿಗೆ ಬ್ಯಾಟರಿಗೆ ಹಿಂತಿರುಗುವ ದಾರಿಯೇ ಇರುವುದಿಲ್ಲ. ಅದು ಪಕ್ಕದ ಹೈ ಬೀಮಿನ ಫಿಲಮೆಂಟನ್ನು ಹಿಂದುಮುಂದಾಗಿ ಹಾದು, ಹೈ ಬೀಮಿನ ತಂತಿಗೆ ಸೇರಿಕೊಂಡಿರುವ ಮೀಟರಿನ ನೀಲಿ ದೀಪದ ಮೂಲಕ ಅರ್ತ್ ಹುಡುಕಿಕೊಳ್ಳುತ್ತದೆ. ಆದ್ದರಿಂದ ಲೋ ಬೀಮ್ ಹಾಕಿದಾಗ ನೀಲಿ ದೀಪ ಉರಿದರೆ, ಬಲ್ಬನ್ನೋ ಸ್ವಿಚ್ಚನ್ನೋ ಬದಲಿಸುವ ಮೊದಲು ಅರ್ತ್ ತಂತಿಯನ್ನು ನೋಡಬೇಕು.

ಹೆಡ್‌ಲೈಟಿನ ಗೂಡಿನೊಳಗೆ ಕೈ ಹಾಕಿ ತಂತಿಗಳನ್ನು ಹೊರಗೆಳೆದೆ. ತಂತಿಗಳನ್ನು ಸಿಕ್ಕಿಸಿ ಜೋಡಿಸುವ ಕಂಪನಿಯ ಕಪ್ಲರನ್ನು ಕತ್ತರಿಸಿ ತೆಗೆದಿದ್ದರು. ಮೂರೂ ತಂತಿಗಳ ಸಿಪ್ಪೆ ಸುಲಿದು, ಎಲ್‌ಇಡಿಯ ಸಪೂರ ತಂತಿಗಳೊಂದಿಗೆ ಹುರಿ ಹೊಸೆದಂತೆ ಹೊಸೆದು, ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪಿನ ಅಂಟು ಕರಗಿ ಬೆರಳಿಗೆ ಹತ್ತುತ್ತಿತ್ತು. ಬಿಚ್ಚಿ ನೋಡಿದರೆ ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಅರ್ತ್ ತಂತಿಯಲ್ಲಿ ಎರಡೇ ಎರಡು ಎಳೆಗಳು ಒಂದನ್ನೊಂದು ಮುಟ್ಟಿಕೊಂಡಿದ್ದವು. ಹ್ಯಾಂಡಲ್ ತಿರುಗಿದಾಗ ಅವೂ ದೂರ ಸರಿಯುತ್ತಿದ್ದವು. ದೀಪ ಆರುತ್ತಿದ್ದುದು ಅದಕ್ಕೇ. ಎಲ್‌ಇಡಿಯ ಬೆಳಕಿನ ಬಗ್ಗೆ ನನ್ನ ದೂರು ಈಗಲೂ ಹಾಗೆಯೇ ಇದೆ, ಆದರೆ ಆರುವ ಕಾಟದಲ್ಲಿ ಅದರ ತಪ್ಪೇನೂ ಇರಲಿಲ್ಲ. ಹೊಸ ದೀಪಕ್ಕೆ ದುಡ್ಡು ಸುರಿದು, ಅದಕ್ಕೆ ಕರೆಂಟ್ ಒಯ್ಯುವ ತಂತಿಯನ್ನು ಅಲಕ್ಷಿಸಿದ್ದರ ಫಲ ಅದು.

ಹಾಗಾದರೆ ಅರ್ತ್ ಒಂದನ್ನು ಸರಿಪಡಿಸಿದರೆ ಸಾಕೇ ಎಂದು ಪರೀಕ್ಷಿಸಲು ಆ ತಂತಿಗಳನ್ನು ಚೊಕ್ಕಟವಾಗಿ ಸೇರಿಸಿ, ಎಂಜಿನ್ನನ್ನು ಸ್ವಲ್ಪ ಏರಿಸಿಟ್ಟು, ಲೋ ಬೀಮ್ ಹಾಕಿ, ಮಲ್ಟಿಮೀಟರಿನಿಂದ ಅಳೆದೆ. ಬ್ಯಾಟರಿಯ ಎರಡು ತುದಿಗಳ ನಡುವೆ 14.1 ವೋಲ್ಟ್ ಇತ್ತು. ಬಲ್ಬಿನ ಕಾಲುಗಳ ನಡುವೆ ಇದ್ದದ್ದು 12.2 ಮಾತ್ರ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ತುದಿಗೂ ಇನ್ನೊಂದನ್ನು ಹೋಲ್ಡರಿನ ಲೋ ಬೀಮ್ ಪಿನ್ನಿಗೂ ಇಟ್ಟಾಗ 1.3 ವೋಲ್ಟ್ ತೋರಿಸಿತು. ಕೀ ಸ್ವಿಚ್, ಹ್ಯಾಂಡಲಿನ ಸ್ವಿಚ್, ಕಪ್ಲರುಗಳು, ಹದಿಮೂರು ವರ್ಷದ ತಂತಿ ಎಲ್ಲವೂ ಸೇರಿ ನುಂಗುತ್ತಿದ್ದ ವೋಲ್ಟೇಜ್ ಅದು. ಉಳಿದ 0.6 ವೋಲ್ಟ್ ಅರ್ತ್ ದಾರಿಯಲ್ಲಿ ಹೋಗುತ್ತಿತ್ತು.

ಎರಡು ವೋಲ್ಟಿಗೂ ಕಡಿಮೆ ನಷ್ಟ ದೊಡ್ಡದೇನಲ್ಲ ಎಂದು ತೋರಬಹುದು. ಆದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ಸ್ಥೂಲವಾಗಿ ವೋಲ್ಟೇಜಿನ 3.4ನೆಯ ಘಾತದಂತೆ ಎಂದು ಲೆಕ್ಕ ಹಾಕುತ್ತಾರೆ. ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ನನ್ನ ಗಾಡಿಯ ಲೆಕ್ಕದಲ್ಲಿ, ಬ್ಯಾಟರಿಯಲ್ಲಿದ್ದ ವೋಲ್ಟೇಜ್ ಪೂರ್ತಿ ಬಲ್ಬಿಗೆ ತಲುಪಿದ್ದರೆ ಸಿಗಬೇಕಾದ ಬೆಳಕಿನಲ್ಲಿ ಸುಮಾರು ಶೇಕಡಾ 60 ಮಾತ್ರ ರಸ್ತೆಗೆ ಬೀಳುತ್ತಿತ್ತು. ಬುಲೆಟ್ಟಿನ ಹೆಡ್‌ಲೈಟ್ ಮಂಕು ಎಂದು ಬೇಸರಪಡುವವರಲ್ಲಿ ಎಷ್ಟೋ ಜನ ಬಲ್ಬಿನ ಮೇಲೆ ಬಲ್ಬ್ ಬದಲಿಸುತ್ತಾರೆ. ಹತ್ತು ನಿಮಿಷ ಮಲ್ಟಿಮೀಟರ್ ಹಿಡಿದಿದ್ದರೆ ಆ ಖರ್ಚು ಉಳಿಯುತ್ತಿತ್ತು.

ಇಷ್ಟು ತಿಳಿದ ಮೇಲೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಗೆ ಹೋದೆ. ಏಳು ಇಂಚಿನ ದುಂಡು ಹೆಡ್‌ಲೈಟ್ ಬಹಳ ಹಳೆಯ ಅಳತೆ. ಅಮೆರಿಕದಲ್ಲಿ 1940ರಿಂದ ಕಾರುಗಳಿಗೆಲ್ಲ ಕಡ್ಡಾಯವಾಗಿದ್ದ ಸೀಲ್ಡ್ ಬೀಮ್ (ಗಾಜು, ರಿಫ್ಲೆಕ್ಟರ್, ಫಿಲಮೆಂಟ್ ಎಲ್ಲವೂ ಒಂದೇ ತುಂಡಾಗಿರುವ) ದೀಪದ ಅಳತೆ ಇದೇ. ನಮ್ಮಲ್ಲಿ ಅಂಬಾಸಿಡರ್ ಕಾರಿಗೂ ಮಹೀಂದ್ರ ಜೀಪಿಗೂ ಇದೇ ಅಳತೆಯ ದೀಪವಿತ್ತು. ಆದ್ದರಿಂದ ಅಲ್ಲಿಯ ಅಂಗಡಿಗಳಲ್ಲಿ ಈ ದೀಪ ಹತ್ತಾರು ಬಗೆಗಳಲ್ಲಿ ಸಿಗುತ್ತದೆ, ಆಯ್ಕೆ ಮಾಡುವುದೇ ಕಷ್ಟ. ನಾನು ಹೋದ ಅಂಗಡಿಯ ಹಿರಿಯರು ಮೂರು ಬಗೆಯ ದೀಪಗಳನ್ನು ಗಾಜಿನ ಕಪಾಟಿನ ಮೇಲೆ ಸಾಲಾಗಿ ಇಟ್ಟು, ಅವಸರ ಮಾಡದೆ ನೋಡಲು ಬಿಟ್ಟರು. ಅವರ ತಾಳ್ಮೆಗೆ ನಾನು ಋಣಿ.

ಗಾಜಿನ ಮೇಲಿನ ಗುರುತುಗಳನ್ನು ಓದಿಯೇ ದೀಪ ಕೊಳ್ಳಬೇಕು. ಯುರೋಪಿನ ನಿಯಮದಂತೆ ತಯಾರಾದ ದೀಪದ ಗಾಜಿನ ಮೇಲೆ ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಅಂಕಿ ಇರುತ್ತವೆ. ಅಂಕಿ ಒಪ್ಪಿಗೆ ಕೊಟ್ಟ ದೇಶವನ್ನು ಸೂಚಿಸುತ್ತದೆ. ಎಚ್‌ಸಿಆರ್ ಎಂಬ ಅಕ್ಷರಗಳಿದ್ದರೆ ಅದು ಹ್ಯಾಲೊಜೆನ್ ಬಲ್ಬಿನಿಂದ ಲೋ ಮತ್ತು ಹೈ ಎರಡೂ ಬೀಮ್ ಕೊಡುವ ದೀಪ ಎಂದರ್ಥ. ಇವೆಲ್ಲಕ್ಕಿಂತ ಮುಖ್ಯವಾದದ್ದು ಬಾಣದ ಗುರುತು. ಈ ಬಗೆಯ ದೀಪದ ಲೋ ಬೀಮ್ ಒಂದೇ ಸಮನಾಗಿ ಇರುವುದಿಲ್ಲ. ರಸ್ತೆಯ ಅಂಚಿನ ಬದಿಗೆ ಸ್ವಲ್ಪ ಮೇಲಕ್ಕೆ ಏರಿ, ಎದುರು ವಾಹನದ ಬದಿಗೆ ತಗ್ಗಿರುತ್ತದೆ. ಬಲಗಡೆ ಸಂಚರಿಸುವ ದೇಶಗಳಿಗೆ ಮಾಡಿದ ದೀಪವನ್ನು ಎಡಗಡೆ ಸಂಚರಿಸುವ ನಮ್ಮ ರಸ್ತೆಯಲ್ಲಿ ಹಾಕಿದರೆ, ಏರಿದ ಭಾಗ ನೇರವಾಗಿ ಎದುರಿನವರ ಕಣ್ಣಿಗೆ ಬೀಳುತ್ತದೆ, ನಮ್ಮ ಬದಿಯ ಅಂಚು ಕತ್ತಲಲ್ಲಿ ಉಳಿಯುತ್ತದೆ. ಎಡ ಸಂಚಾರದ ದೀಪದ ಗಾಜಿನ ಮೇಲೆ, ಎದುರು ನಿಂತು ನೋಡುವವರ ಬಲಕ್ಕೆ ಮುಖಮಾಡಿದ ಬಾಣವೊಂದು ಇರುತ್ತದೆ. ಬಾಣವೇ ಇಲ್ಲದಿದ್ದರೆ ಅದು ಬಲ ಸಂಚಾರದ್ದು. ಕಪಾಟಿನ ಮೇಲಿದ್ದ ಮೂರರಲ್ಲಿ ಅತ್ಯಂತ ಹೊಳಪಾಗಿದ್ದುದಕ್ಕೆ ಬಾಣವಿರಲಿಲ್ಲ. ನಾನು ಕೊಂಡದ್ದಕ್ಕೆ ಇತ್ತು.

ಕೊಂಡ ದೀಪದ ಮುಂಭಾಗ ಗೀರುಗೀರಾದ ದಪ್ಪ ಗಾಜು, ಹಿಂಭಾಗ ಲೋಹದ ರಿಫ್ಲೆಕ್ಟರ್. ಪ್ಲಾಸ್ಟಿಕ್ ಮುಖದ ದೀಪ ಹಗುರವಾಗಿದ್ದು ಒಡೆಯುವುದಿಲ್ಲ ನಿಜ, ಆದರೆ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಹಳದಿಗಟ್ಟುತ್ತದೆ. ಕೆಸರು ಒರೆಸಿದಾಗಲೆಲ್ಲ ಗೆರೆ ಬೀಳುತ್ತದೆ. ನಮ್ಮ ಕಡೆಯ ಕೆಮ್ಮಣ್ಣಿನ ಕೆಸರಿಗೆ ಗಾಜೇ ಲೇಸು. ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಎಲ್ಲೂ ಮಾಸಿಲ್ಲದೆ ಸಮನಾಗಿತ್ತು. ಬಲ್ಬಿನ ಹಿಂದೆ ಹಾಕುವ ರಬ್ಬರ್ ಟೊಪ್ಪಿ ಜೊತೆಯಲ್ಲಿ ಬಂದಿರಲಿಲ್ಲ, ಅದನ್ನು 40 ರೂಪಾಯಿ ಕೊಟ್ಟು ಬೇರೆ ತೆಗೆದುಕೊಳ್ಳಬೇಕಾಯಿತು. ಇದನ್ನು ಮರೆಯಬೇಡಿ, ಟೊಪ್ಪಿಯಿಲ್ಲದ ದೀಪದೊಳಗೆ ಮೊದಲ ಮಳೆಗೇ ನೀರಿನ ಹನಿ ಕಟ್ಟಿಕೊಳ್ಳುತ್ತದೆ.

ಬಲ್ಬಿಗೆ ಹೆಚ್ಚು ಮಾತು ಬೇಡ. 60/55 ವ್ಯಾಟಿನ ಫಿಲಿಪ್ಸ್ ಎಚ್4 ಸಾಕು. 100/90 ವ್ಯಾಟಿನದು ಅದೇ ಕಪಾಟಿನಲ್ಲಿ ಸಿಗುತ್ತದೆ, ಅಂಗಡಿಯವರೂ ತೋರಿಸುತ್ತಾರೆ. ಆದರೆ ಅದರ ಬಿಸಿಗೆ ಹೋಲ್ಡರ್ ಸುಡುತ್ತದೆ, ರಿಫ್ಲೆಕ್ಟರ್ ಮಂಕಾಗುತ್ತದೆ, ಎಂಜಿನ್ ನಿಧಾನವಾಗಿ ಓಡುವಾಗ ಬ್ಯಾಟರಿ ಇಳಿಯುತ್ತದೆ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಹತ್ತಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದರಾಯಿತು.

ಇನ್ನು ವೈರಿಂಗ್ ಕಿಟ್. “ಇದು ಕಾರಿನ ಕಿಟ್ಟು ಸಾರ್, ಎರಡು ಹೋಲ್ಡರ್ ಇರ್ತವೆ. ಒಂದನ್ನ ತೆಗೆದುಬಿಟ್ಟು ಬುಲೆಟ್ಟಿಗೆ ಹಾಕ್ಕೊಳ್ಳಿ” ಎಂದು ಅಂಗಡಿಯವರು ಮೊದಲೇ ಪ್ರಾಮಾಣಿಕವಾಗಿ ಹೇಳಿದ್ದರು. ಅದರಲ್ಲಿ ಎರಡು ರಿಲೇಗಳು, ಎರಡು ಸೆರಾಮಿಕ್ ಹೋಲ್ಡರುಗಳು, ಒಂದು ಫ್ಯೂಸ್ ಹೋಲ್ಡರ್, ಗಾಡಿಯ ಹಳೆಯ ಹೋಲ್ಡರಿಗೆ ಸಿಕ್ಕಿಸುವ ಒಂದು ಗಂಡು ಪ್ಲಗ್ ಇವೆ. ಕೆಲಸ ಮಾಡುವ ಬಗೆ ಸರಳ. ಹಳೆಯ ಹೋಲ್ಡರಿಗೆ ಬರುವ ಲೋ ಮತ್ತು ಹೈ ಬೀಮಿನ ಕರೆಂಟ್ ಇನ್ನು ಮುಂದೆ ಬಲ್ಬನ್ನು ಉರಿಸುವುದಿಲ್ಲ, ರಿಲೇಯೊಳಗಿನ ಪುಟ್ಟ ಕಾಯಿಲನ್ನು ಮಾತ್ರ ಎಬ್ಬಿಸುತ್ತದೆ. ಕಾಯಿಲ್ ಎದ್ದಾಗ ರಿಲೇಯ ಒಳಗಿನ ದಪ್ಪ ಸಂಪರ್ಕ ಕೂಡಿಕೊಂಡು, ಬ್ಯಾಟರಿಯಿಂದ ಬಂದ ದಪ್ಪ ತಂತಿಯ ಕರೆಂಟ್ ನೇರವಾಗಿ ಬಲ್ಬಿಗೆ ಹೋಗುತ್ತದೆ. ಮೊದಲು ಹ್ಯಾಂಡಲಿನ ಸ್ವಿಚ್ಚಿನ ಮೂಲಕ ಐದು ಆಂಪಿಯರಿನ ಹತ್ತಿರ ಹರಿಯುತ್ತಿದ್ದರೆ ಈಗ ಅದರಲ್ಲಿ ಹರಿಯುವುದು ಅರ್ಧ ಆಂಪಿಯರಿಗಿಂತಲೂ ಕಡಿಮೆ. ಸ್ವಿಚ್ಚಿನ ಆಯುಷ್ಯವೂ ಹೆಚ್ಚುತ್ತದೆ.

ಕಿಟ್ಟಿನ ದೋಷಗಳು ಮೂರು. ಮೊದಲನೆಯದು ಫ್ಯೂಸ್: ಅದರಲ್ಲಿ ಬಂದದ್ದು 30 ಆಂಪಿಯರಿನದು. ಎರಡು ದೀಪಗಳ ಕಾರಿಗೆ, ದೊಡ್ಡ ಬಲ್ಬುಗಳಿಗೆ ಲೆಕ್ಕ ಹಾಕಿ ಇಟ್ಟಿರಬಹುದು. ಆದರೆ ಫ್ಯೂಸ್ ಇರುವುದು ತಂತಿಯನ್ನು ಕಾಯಲಿಕ್ಕೆ. ಬೈಕಿನಲ್ಲಿ ತಂತಿ ಟ್ಯಾಂಕಿನ ಅಡಿಯಲ್ಲಿ, ಪೆಟ್ರೋಲಿನ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಅಲ್ಲೆಲ್ಲಾದರೂ ಸಿಪ್ಪೆ ಸವೆದು ಶಾರ್ಟ್ ಆದರೆ 30 ಆಂಪಿಯರಿನ ಫ್ಯೂಸ್ ಹೋಗುವಷ್ಟರಲ್ಲಿ ತಂತಿಯೇ ಕಾದು ಕರಗಬಹುದು. ನಾನು 10 ಆಂಪಿಯರಿನದನ್ನು ಹಾಕಿದೆ, ಈವರೆಗೆ ಒಮ್ಮೆಯೂ ಹೋಗಿಲ್ಲ. ಎರಡನೆಯದು, ಕಿಟ್ಟಿನ ಅರ್ತ್ ತಂತಿಯ ಉದ್ದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕಾರಿನಲ್ಲಿ ಹತ್ತಿರದ ಬಾಡಿಗೆ ಬೋಲ್ಟ್ ಮಾಡಿದರೆ ನಡೆಯುತ್ತದೆ. ಬೈಕಿನಲ್ಲಿ ಹೆಡ್‌ಲೈಟಿನ ಗೂಡಿಗೆ ಅರ್ತ್ ಕೊಟ್ಟರೆ ಕರೆಂಟ್ ಗ್ರೀಸ್ ಮೆತ್ತಿದ ಹ್ಯಾಂಡಲ್ ಬೇರಿಂಗಿನ ಗುಂಡುಗಳ ಮೂಲಕ ಚಾಸಿಗೆ ಹೋಗಬೇಕಾಗುತ್ತದೆ, ಅದು ನಂಬುವಂಥ ದಾರಿಯಲ್ಲ. ಮೂರನೆಯದು, ಎರಡು ರಿಲೇಗಳಿಗೂ ಐದು ಕಾಲುಗಳಿದ್ದವು. ಅವುಗಳಲ್ಲಿ 87ಎ ಎಂಬ ನಡುವಿನ ಕಾಲು ದೀಪ ಹಾಕದಿದ್ದಾಗ ಬ್ಯಾಟರಿಗೆ ಸೇರಿಕೊಂಡಿರುತ್ತದೆ. ಅದಕ್ಕೆ ತಂತಿಯಿಲ್ಲ, ಹೊದಿಕೆಯೂ ಇಲ್ಲ. ನಾಲ್ಕು ಕಾಲಿನ ರಿಲೇ ಕೊಟ್ಟಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ನಾನು ಆ ಕಾಲಿಗೆ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಕೊಳವೆ) ತೊಡಿಸಿ ಮುಚ್ಚಿದೆ.

ಜೋಡಣೆಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಟ್ಟೆ. ಟ್ಯಾಂಕ್ ಇಳಿಸಿ, ಅದರ ಅಡಿಯಲ್ಲಿ ಚಾಸಿಯ ಎಡಬದಿಗೆ ಎರಡೂ ರಿಲೇಗಳನ್ನು ಕಾಲುಗಳು ಕೆಳಮುಖವಾಗಿರುವಂತೆ ಕಟ್ಟಿದೆ. ಮೇಲ್ಮುಖವಾಗಿ ಕಟ್ಟಿದರೆ ನೀರು ಕಾಲುಗಳ ಸುತ್ತ ನಿಲ್ಲುತ್ತದೆ. ರಿಲೇಯ ಕಾಲುಗಳಿಗೆ ಅಂಕಿಗಳಿರುತ್ತವೆ, ಅವು ಎಲ್ಲ ಕಂಪನಿಗಳಿಗೂ ಒಂದೇ: 30ಕ್ಕೆ ಫ್ಯೂಸ್ ದಾಟಿ ಬಂದ ಬ್ಯಾಟರಿಯ ಪಾಸಿಟಿವ್, 87ರಿಂದ ಬಲ್ಬಿಗೆ, 86ಕ್ಕೆ ಹಳೆಯ ಹೋಲ್ಡರಿನಿಂದ ಬಂದ ಲೋ ಅಥವಾ ಹೈ ತಂತಿ, 85ಕ್ಕೆ ಅರ್ತ್. ಒಂದು ರಿಲೇ ಲೋ ಬೀಮಿಗೆ, ಇನ್ನೊಂದು ಹೈ ಬೀಮಿಗೆ. ಯಾವ ತಂತಿ ಯಾವುದು ಎಂದು ಬಣ್ಣ ನೋಡಿ ನಿರ್ಧರಿಸಬೇಡಿ. ಹಳೆಯ ಗಾಡಿಯಲ್ಲಿ ಯಾರು ಯಾವಾಗ ಯಾವ ತಂತಿ ಬದಲಿಸಿದ್ದಾರೋ ಗೊತ್ತಿರುವುದಿಲ್ಲ. ಕೀ ಹಾಕಿ, ಸ್ವಿಚ್ಚನ್ನು ಲೋ ಮತ್ತು ಹೈಗೆ ಬದಲಿಸುತ್ತ, ಮಲ್ಟಿಮೀಟರಿನಿಂದಲೋ ಟೆಸ್ಟರ್ ಬಲ್ಬಿನಿಂದಲೋ ಒಂದೊಂದನ್ನೂ ಗುರುತಿಸಿ, ಪೇಪರ್ ಟೇಪಿನ ಮೇಲೆ ಬರೆದು ಅಂಟಿಸಿಕೊಂಡರೆ ಮುಂದಿನ ಕೆಲಸ ಸಲೀಸು.

ಫ್ಯೂಸ್ ಹೋಲ್ಡರನ್ನು ಬ್ಯಾಟರಿಯಿಂದ ಅರ್ಧ ಗೇಣು ದೂರದೊಳಗೇ ಇಟ್ಟೆ, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಯಾವ ಕಾವಲೂ ಇರುವುದಿಲ್ಲ. ಅರ್ತಿಗಾಗಿ 2.5 ಚದರ ಮಿಲಿಮೀಟರಿನ ಕಪ್ಪು ತಂತಿಯನ್ನು ಹೋಲ್ಡರಿನಿಂದ ಬ್ಯಾಟರಿಯ ನೆಗೆಟಿವ್ ತುದಿಯವರೆಗೆ ನಡುವೆ ಎಲ್ಲೂ ತುಂಡರಿಸದೆ ಎಳೆದೆ. ಕಾರಿನ ಎರಡನೆಯ ಹೋಲ್ಡರಿನ ತಂತಿಗಳನ್ನು ಕವಲೊಡೆಯುವ ಜಾಗದಲ್ಲಿಯೇ ಕತ್ತರಿಸಿ, ಒಂದೊಂದಕ್ಕೂ ಪ್ರತ್ಯೇಕವಾಗಿ ಸ್ಲೀವ್ ತೊಡಿಸಿ ಬಿಸಿ ಮಾಡಿ ಮುಚ್ಚಿದೆ. ತಂತಿ ತಂತಿ ಸೇರುವಲ್ಲಿ ಹೊಸೆದು ಟೇಪ್ ಸುತ್ತುವ ಬದಲು, ಲಗ್ (ತಂತಿಯ ತುದಿಗೆ ಹಾಕುವ ಲೋಹದ ತುಂಡು) ಹಾಕಿ, ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ, ಮೇಲೆ ಒಳಗೆ ಅಂಟಿರುವ ಬಗೆಯ ಸ್ಲೀವ್ ತೊಡಿಸಿದೆ. ಈ ಸ್ಲೀವ್ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ; ಬಿಸಿ ತಾಗಿದಾಗ ಒಳಗಿನ ಅಂಟು ಕರಗಿ ತಂತಿಯ ಸುತ್ತ ಹಿಡಿದುಕೊಂಡು ನೀರು ನುಸುಳದಂತೆ ಮಾಡುತ್ತದೆ. ಕಿಲುಬು ಹಿಡಿದ ತಾಮ್ರವನ್ನು ಕೆರೆದು ಬಳಸಲು ಹೋಗಲಿಲ್ಲ. ಹೊಳೆಯುವ ತಾಮ್ರ ಕಾಣುವವರೆಗೆ ತಂತಿಯನ್ನು ಹಿಂದಕ್ಕೆ ಕತ್ತರಿಸಿದೆ. ಎರಡೂವರೆ ಇಂಚು ಹೋಯಿತು.

ತಂತಿಗಳು ಗೂಡಿನೊಳಗೆ ಹೋಗುವ ರಂಧ್ರದ ಅಂಚು ಬ್ಲೇಡಿನಷ್ಟು ಚೂಪಾಗಿರುತ್ತದೆ, ಅಲ್ಲಿ ರಬ್ಬರ್ ಬುಷ್ ಕಡ್ಡಾಯವಾಗಿ ಇರಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ, ಎಲ್ಲಿಯೂ ತಂತಿ ಬಿಗಿಯದಂತೆ, ಹಾಗೆಂದು ಹ್ಯಾಂಡಲಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಳ್ಳದಂತೆ ಸಡಿಲು ಬಿಟ್ಟು, ಆಮೇಲೆ ಕೇಬಲ್ ಟೈ ಹಾಕಿದೆ. ಹಿಂದಿನವರು ಮಾಡಿದ್ದ ತಪ್ಪುಗಳಲ್ಲಿ ಇದೂ ಒಂದು. ಅವರು ಗಾಡಿಯ ಹ್ಯಾಂಡಲ್ ನೆಟ್ಟಗಿದ್ದಾಗ ಅಳತೆ ತೆಗೆದು ತಂತಿಯನ್ನು ಬಿಗಿದಿದ್ದರು.

ಕೊನೆಯಲ್ಲಿ ಬ್ಯಾಟರಿ ಜೋಡಿಸಿ ಕೀ ತಿರುಗಿಸಿ ಸ್ವಿಚ್ ಒತ್ತಿದಾಗ ಟ್ಯಾಂಕಿನ ಅಡಿಯಿಂದ ಟಿಕ್ ಎಂದು ಸಣ್ಣ ಸದ್ದು ಕೇಳಿಸಿತು, ಎದುರಿನ ಅಡಿಕೆ ಮರಗಳ ಸಾಲು ಬುಡದಿಂದ ಬೆಳಗಿತು. ಮತ್ತೆ ಅಳೆದೆ. ಬ್ಯಾಟರಿಯಲ್ಲಿ 14.1, ಬಲ್ಬಿನಲ್ಲಿ 13.8. ಅದೇ ಲೆಕ್ಕದ ಪ್ರಕಾರ, ಸಿಗಬೇಕಾದ ಬೆಳಕಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಈಗ ಸಿಗುತ್ತಿದೆ; ಮೊದಲಿದ್ದುದರ ಒಂದೂವರೆ ಪಟ್ಟು. ಅದೇ ವ್ಯಾಟಿನ ಬಲ್ಬ್, ಅದೇ ಬ್ಯಾಟರಿ. ಬೆಳಕಿನ ಬಣ್ಣವೂ ಮಂಕು ಕಿತ್ತಳೆಯಿಂದ ತಿಳಿ ಬಿಳುಪಿಗೆ ತಿರುಗಿದ್ದನ್ನು ಬರಿಗಣ್ಣಿನಲ್ಲಿಯೇ ನೋಡಬಹುದಿತ್ತು.

ದೀಪದ ಮುಖವನ್ನು ಹೊಂದಿಸುವ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಗಾಡಿಯನ್ನು ಗೋಡೆಯಿಂದ ಐದು ಮೀಟರ್ ದೂರದಲ್ಲಿ ಸಮತಟ್ಟಾದ ನೆಲದ ಮೇಲೆ, ಸ್ಟ್ಯಾಂಡ್ ತೆಗೆದು, ಓಡಿಸುವವರು ಮೇಲೆ ಕುಳಿತು ನಿಲ್ಲಿಸಬೇಕು. ದೀಪದ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ, ಲೋ ಬೀಮಿನ ಮೇಲಂಚು ಅದಕ್ಕಿಂತ ಸುಮಾರು ಐದು ಸೆಂಟಿಮೀಟರ್ ಕೆಳಗೆ ಬೀಳುವಂತೆ ದೀಪವನ್ನು ಬಗ್ಗಿಸಬೇಕು. ನನ್ನ ತಮ್ಮ ಹಿಂದೆ ಕೂತಾಗ ಆ ಅಂಚು ಗೋಡೆಯ ಮೇಲೆ ಎದ್ದು ಕಾಣುವಷ್ಟು ಮೇಲೆ ಹೋಯಿತು. ಇಬ್ಬರು ಓಡಾಡುವುದು ಹೆಚ್ಚಾದರೆ ಇಬ್ಬರನ್ನೂ ಕೂರಿಸಿಯೇ ಹೊಂದಿಸುವುದು ಒಳ್ಳೆಯದು.

ಮಂಜಿನಲ್ಲಿ ಈ ದೀಪ ಹೇಗಿದೆ ಎಂದು ಬಹಳ ಜನ ಕೇಳಿದ್ದಾರೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಳಿಗಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ವ್ಯತ್ಯಾಸವಾಗುವುದು ಬೆಳಕಿನ ಮೇಲಂಚಿನಿಂದ. ಎಚ್4 ಬಲ್ಬಿನೊಳಗೆ ಲೋ ಬೀಮಿನ ಫಿಲಮೆಂಟಿನ ಅಡಿಯಲ್ಲಿ ಸಣ್ಣದೊಂದು ಲೋಹದ ಬಟ್ಟಲಿದೆ. ಅದು ಕೆಳಮುಖದ ಬೆಳಕನ್ನು ತಡೆದು ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೀಳಿಸುವುದರಿಂದ ಬೆಳಕು ರಸ್ತೆಗೆ ಇಳಿದು ಬೀಳುತ್ತದೆ, ಕಣ್ಣೆದುರಿನ ಮಂಜು ಬೆಳಗುವುದಿಲ್ಲ. ಕಳೆದ ಜುಲೈ ತಿಂಗಳಿನಲ್ಲಿ, ಹತ್ತು ಮಾರು ದೂರ ಕಾಣುವುದೂ ಕಷ್ಟವಾಗಿದ್ದ ಒಂದು ರಾತ್ರಿ, ಎಡಬದಿಯ ಬಿಳಿ ಗೆರೆಯನ್ನು ಹಿಡಿದುಕೊಂಡು ಇಪ್ಪತ್ತರ ವೇಗದಲ್ಲಿ ಘಾಟಿ ಹತ್ತಿ ಬಂದೆ. ಆ ಗೆರೆ ಒಂದು ಸಲವೂ ಕಣ್ಣಿಂದ ಮರೆಯಾಗಲಿಲ್ಲ.

ಎಲ್‌ಇಡಿ ಎಂಬುದೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗಾಡಿ ತಯಾರಿಸಿದವರೇ ರಿಫ್ಲೆಕ್ಟರ್, ಲೆನ್ಸ್, ತಂತಿ ಎಲ್ಲವನ್ನೂ ಅದಕ್ಕೆಂದೇ ರೂಪಿಸಿ ಹಾಕಿದ ಎಲ್‌ಇಡಿ ದೀಪಗಳು ಚೆನ್ನಾಗಿವೆ, ಕರೆಂಟನ್ನೂ ಕಡಿಮೆ ಎಳೆಯುತ್ತವೆ. ಬೆಳಕಿನ ಅಂಚನ್ನೇ ಲೆಕ್ಕಿಸದೆ ಹೊಳಪೊಂದನ್ನೇ ಮಾರುವ ದೀಪಗಳ ಬಗ್ಗೆ ನನ್ನ ಆಕ್ಷೇಪ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಇಂಥ ದೀಪಗಳ ಮೇಲೆ ಪ್ರಕರಣ ದಾಖಲಿಸತೊಡಗಿದ್ದನ್ನು ನಾನು ಮನಸಾರೆ ಒಪ್ಪುತ್ತೇನೆ.

ಈ ಕಿಟ್ ಎಲ್ಲ ಗಾಡಿಗಳಿಗೂ ಆಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ನನ್ನ ತಮ್ಮನ ಹಳೆಯ ಹೀರೋ ಹೋಂಡಾ ಸ್ಪ್ಲೆಂಡರಿನಲ್ಲಿ ಹೆಡ್‌ಲೈಟಿಗೆ ಕರೆಂಟ್ ಬರುವುದು ಬ್ಯಾಟರಿಯಿಂದ ಅಲ್ಲ, ಎಂಜಿನ್ ತಿರುಗುವಾಗ ಮ್ಯಾಗ್ನೆಟ್ ಕಾಯಿಲಿನಿಂದ ಹುಟ್ಟುವ ಎಸಿ ಕರೆಂಟಿನಿಂದ. ಅಂಥ ಗಾಡಿಗೆ ಈ ರಿಲೇ ಹಾಕಿದರೆ ಅದು ದುಂಬಿಯಂತೆ ಗುಂಯ್‌ಗುಡುತ್ತದೆ, ಸಂಪರ್ಕಗಳು ಸುಡುತ್ತವೆ. ಪುಟ್ಟ ಬ್ಯಾಟರಿಯೂ ಆ ಭಾರವನ್ನು ತಾಳುವುದಿಲ್ಲ. ಪರೀಕ್ಷೆ ಸುಲಭ: ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಹಾಕಿ ಹೆಡ್‌ಲೈಟ್ ಸ್ವಿಚ್ ಒತ್ತಿ. ದೀಪ ಉರಿದರೆ ಅದಕ್ಕೆ ಬರುವುದು ಬ್ಯಾಟರಿಯ ಡಿಸಿ ಕರೆಂಟ್, ಈ ಕಿಟ್ ಹಾಕಬಹುದು. ಉರಿಯದಿದ್ದರೆ, ಅಥವಾ ಎಕ್ಸಲರೇಟರ್ ಕೊಟ್ಟಷ್ಟೂ ಬೆಳಕು ಏರಿಳಿಯುತ್ತಿದ್ದರೆ, ಅದು ಬೇರೆ ಬಗೆಯ ಗಾಡಿ. ಅದಕ್ಕೆ ಆರ್‌ಆರ್ ಯೂನಿಟ್ಟಿನಿಂದ (ಎಸಿ ಕರೆಂಟನ್ನು ಡಿಸಿಗೆ ಬದಲಿಸಿ ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ಹಿಡಿದು ಕಾಯಿಲಿನ ಅರ್ತ್ ವರೆಗೆ ಬದಲಿಸಬೇಕಾದ ಕೆಲಸವಿದೆ, ನುರಿತ ಆಟೋ ಎಲೆಕ್ಟ್ರಿಷಿಯನ್ ಬಳಿಗೇ ಹೋಗಬೇಕು.

ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ ದೀಪವನ್ನು ಬಿಚ್ಚಿ ನೋಡಿದೆ. ರಿಫ್ಲೆಕ್ಟರಿನಲ್ಲಿ ನೀರಿನ ಗುರುತಿರಲಿಲ್ಲ, ಸೆರಾಮಿಕ್ ಹೋಲ್ಡರ್ ಬಿಳಿಯಾಗಿಯೇ ಇತ್ತು, ಸ್ಲೀವ್ ತೊಡಿಸಿದ ಜೋಡಣೆಗಳಲ್ಲಿ ಒಂದನ್ನು ಬೇಕೆಂದೇ ಕತ್ತರಿಸಿ ನೋಡಿದಾಗ ಒಳಗಿನ ತಾಮ್ರ ಹೊಸದರಂತೆ ಹೊಳೆಯುತ್ತಿತ್ತು. ಕೆಟ್ಟಿದ್ದು ಒಂದೇ, ಕಿಟ್ಟಿನ ಫ್ಯೂಸ್ ಹೋಲ್ಡರ್. ಅದರ ಮುಚ್ಚಳಕ್ಕೆ ರಬ್ಬರ್ ಇಲ್ಲದ್ದರಿಂದ ಒಳಗಿನ ಹಿತ್ತಾಳೆಯ ಹಲ್ಲುಗಳಿಗೆ ಹಸಿರು ಕಿಲುಬು ಕಟ್ಟಿತ್ತು, ಮೀಟರಿನಲ್ಲಿ ಅಳೆದಾಗ 0.2 ವೋಲ್ಟ್ ಅಲ್ಲಿಯೇ ಇಳಿಯುತ್ತಿತ್ತು. ರಬ್ಬರ್ ಮುಚ್ಚಳದ ಹೋಲ್ಡರ್ 90 ರೂಪಾಯಿಗೆ ಸಿಕ್ಕಿತು, ಹದಿನೈದು ನಿಮಿಷದಲ್ಲಿ ಬದಲಿಸಿದೆ. ಕಿಟ್ ಕೊಳ್ಳುವವರು ಅದೇ ಅಂಗಡಿಯಲ್ಲಿ ಈ ಹೋಲ್ಡರನ್ನೂ 10 ಆಂಪಿಯರಿನ ನಾಲ್ಕು ಫ್ಯೂಸುಗಳನ್ನೂ ಒಟ್ಟಿಗೇ ಕೊಳ್ಳಲಿ. ಮಿಕ್ಕ ಮೂರು ಫ್ಯೂಸುಗಳನ್ನು ನಾನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ.